ಲಿವಿಂಗ್ ವಿಲ್ ಬರೆದಿಡೋದಾ, ಮನೆಯವರಿಗೆ ಬಿಡೋದಾ?

ಇಂಜೆಕ್ಷನ್ ಕೊಟ್ಟು ಸಾಯಿಸುವ ದಯಾಮರಣಕ್ಕೆ ನಮ್ಮಲ್ಲಿ ಅನುಮತಿ ಇಲ್ಲ. ಗುಣವಾಗುವ ಆಸೆಯೇ ಇಲ್ಲದಾಗ ವೆಂಟಿಲೇಟರ್‌ನಂಥ ಚಿಕಿತ್ಸೆ ನಿಲ್ಲಿಸಬಹುದು, ಅದನ್ನು ಮೊದಲೇ ಬರೆದಿಡಬಹುದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ಹಾಗೆ ಬರೆದಿಡುವ ಪತ್ರವೇ ಲಿವಿಂಗ್ ವಿಲ್.

ಬರೆದಿಟ್ಟರೆ ಮಾತು ನಿಮ್ಮದೇ. ಮೊದಲು ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು. ಯಾರು ಅಲೆಯುತ್ತಾರೆ, ಅಲ್ವಾ? 2023ರಿಂದ ಇಬ್ಬರು ಸಾಕ್ಷಿಗಳು, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ನಿಮ್ಮ ಪರವಾಗಿ ಯಾರು ಮಾತಾಡಬೇಕು ಅಂತಲೂ ಬರೆಯಬಹುದು. ಮನಸ್ಸು ಬದಲಾದರೆ ರದ್ದು ಮಾಡಬಹುದು. ಆದರೆ ಪತ್ರ ಬೀರುವಿನಲ್ಲಿ ಸೀರೆಗಳ ಕೆಳಗೇ ಉಳಿದರೆ ಬರೆದೂ ದಂಡ.

ಬರೆಯದಿದ್ದರೂ ದಾರಿ ಮುಚ್ಚಿಲ್ಲ, ಮನೆಯವರ ಒಪ್ಪಿಗೆಯಿಂದ ಚಿಕಿತ್ಸೆ ನಿಲ್ಲಿಸಬಹುದು. ಹೇಗಿದ್ದರೂ ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದಕ್ಕೆ ಸುತ್ತೋಲೆಯನ್ನೂ ಹೊರಡಿಸಿದೆ. ವ್ಯತ್ಯಾಸ ಕಾಣೋದು ಐಸಿಯು ಬಾಗಿಲಲ್ಲಿ. ಮಗ ಪೆನ್ನು ಹಿಡಿದು ನಿಂತಿರುತ್ತಾನೆ. ಫೋನಿನಲ್ಲಿ ಅಮೆರಿಕದ ಅಕ್ಕ, ‘ಇನ್ನೆರಡು ದಿನ ನೋಡೋಣ ಕಣೋ’ ಅನ್ನುತ್ತಾಳೆ. ಬಿಲ್ಲು ಏರುತ್ತಲೇ ಇರುತ್ತದೆ. ಸಹಿ ಹಾಕಿದರೆ, ದುಡ್ಡಿಗೋಸ್ಕರ ಅಪ್ಪನನ್ನು ಬಿಟ್ಟ ಅನ್ನುವ ಮಾತು ಜೀವನಪೂರ್ತಿ ಅವನ ಬೆನ್ನಿಗೆ.

ಮನೆಯವರೆಲ್ಲ ಒಂದೇ ಮಾತಿನವರಾ? ಹಾಗಾದರೆ ಅವರಿಗೇ ಬಿಡಬಹುದು. ಒಂಟಿಯಾಗಿದ್ದರೆ, ಅಥವಾ ಮಕ್ಕಳು ಹಬ್ಬಕ್ಕೂ ಒಟ್ಟಿಗೆ ಕೂರದವರಾದರೆ, ಈ ತಿಂಗಳೇ ಬರೆದಿಡಿ.