ಪೈಥಾನ್ ಟ್ಯೂಟರ್: ಪ್ರಶ್ನೆ ಕೇಳುವ ಮೊದಲು ಒಮ್ಮೆ ಓಡಿಸಿ ನೋಡಿ

ಫಿಲಿಪ್ ಗುವೋ 2010ರಲ್ಲಿ ಆರಂಭಿಸಿದ ಈ ಉಚಿತ ತಾಣ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಕೋಡನ್ನು ಒಂದೊಂದೇ ಸಾಲು ಓಡಿಸಿ, ಮೆಮೊರಿಯಲ್ಲಿ ಏನಾಗುತ್ತಿದೆ ಎಂದು ಚಿತ್ರ ಬರೆದು ತೋರಿಸುತ್ತದೆ. ಹಸಿರು ಬಾಣ ಈಗಷ್ಟೇ ಓಡಿದ ಸಾಲು, ಕೆಂಪು ಬಾಣ ಮುಂದಿನದು.

ಹೊಸಬರು ಪದೇ ಪದೇ ಕೇಳುವ ಪ್ರಶ್ನೆಯೊಂದನ್ನೇ ತೆಗೆದುಕೊಳ್ಳಿ. [[0] * 3] * 3 ಎಂದು ಮೂರು ಸಾಲಿನ ಕೋಷ್ಟಕ ಮಾಡಿ, ಮೊದಲ ಸಾಲಿನ ಒಂದು ಮನೆಗೆ 5 ಹಾಕಿದರೆ ಮೂರೂ ಸಾಲುಗಳಲ್ಲಿ 5 ಕಾಣಿಸಿಕೊಳ್ಳುತ್ತದೆ. ಯಾಕೆಂದು ಬಾಯಲ್ಲಿ ವಿವರಿಸಲು ಹೋದರೆ ಎರಡು ಪ್ಯಾರಾ ಬೇಕು. ಇಲ್ಲಿ ಹೊರಗಿನ ಲಿಸ್ಟಿನ ಮೂರು ಮನೆಗಳಿಂದಲೂ ಬಾಣಗಳು ಒಂದೇ ಒಳಲಿಸ್ಟಿಗೆ ಹೋಗುವುದು ಕಣ್ಣಿಗೇ ಕಾಣುತ್ತದೆ: ನಕಲಾಗಿರುವುದು ವಿಳಾಸ, ಲಿಸ್ಟ್ ಅಲ್ಲ. ಲಿಸ್ಟ್ ಕಾಂಪ್ರಹೆನ್ಷನ್ (ಆವರಣದೊಳಗೇ for ಬರೆದು ಲಿಸ್ಟ್ ಕಟ್ಟುವ ರೀತಿ) ಬಳಸಿ ಪ್ರತಿ ಸಾಲನ್ನೂ ಹೊಸದಾಗಿ ಕಟ್ಟಿ ಮತ್ತೆ ಓಡಿಸಿ, ಬಾಣಗಳು ಬೇರೆಯಾಗುತ್ತವೆ. ಫಂಕ್ಷನ್ನಿನ ಡೀಫಾಲ್ಟ್ ಆರ್ಗ್ಯುಮೆಂಟಿಗೆ (ಕರೆಯುವವರು ಏನೂ ಕೊಡದಿದ್ದಾಗ ಬಳಕೆಯಾಗುವ ಮೌಲ್ಯ) ಖಾಲಿ ಲಿಸ್ಟ್ ಕೊಟ್ಟು ಪೇಚಿಗೆ ಸಿಕ್ಕವರಿಗೂ ಹೀಗೆ ಇಲ್ಲಿ ಓಡಿಸಿ ನೋಡುವುದೇ ಮದ್ದು. ರಿಕರ್ಶನ್ನಿನಲ್ಲಂತೂ (ಫಂಕ್ಷನ್ ತನ್ನನ್ನು ತಾನೇ ಕರೆಯುವುದು) ಪ್ರತಿ ಕರೆಗೂ ಒಂದರಂತೆ ಫ್ರೇಮುಗಳು ಒಂದರ ಕೆಳಗೊಂದು ಸಾಲುಗಟ್ಟುವುದನ್ನು ನೋಡುವುದೇ ಚೆಂದ.

ಉತ್ತರ ಕೊಡುವವರಿಗೆ ಇದರ ನಿಜವಾದ ಲಾಭ ಶಾಶ್ವತ ಲಿಂಕ್. ಕೋಡೆಲ್ಲ ಆ ಲಿಂಕಿನೊಳಗೇ ಕೂತಿರುತ್ತದೆ. ಸ್ಕ್ರೀನ್‌ಶಾಟ್ ನೋಡಿ ಮತ್ತೆ ಟೈಪ್ ಮಾಡುವ ಕರ್ಮ ತಪ್ಪುತ್ತದೆ. ಕೋಡ್ ಉದ್ದವಾದರೆ ಲಿಂಕೂ ಹನುಮಂತನ ಬಾಲವೇ.

ಮಿತಿಗಳೂ ಇವೆ. ಸುಮಾರು 1000 ಹೆಜ್ಜೆ ದಾಟಿದರೆ ನಿಂತುಬಿಡುತ್ತದೆ, ಹಾಗಾಗಿ ಲೂಪನ್ನು ಐದಾರು ಸುತ್ತಿಗೆ ಇಳಿಸಿಯೇ ಅಂಟಿಸಿ. ನಂಪೈ, ಪಾಂಡಾಸ್‌ನಂಥ ಹೊರಗಿನ ಲೈಬ್ರರಿಗಳು ಸಾಮಾನ್ಯವಾಗಿ ನಡೆಯುವುದಿಲ್ಲ, ನಿಮ್ಮ ಡಿಸ್ಕಿನ ಫೈಲ್ ತೆರೆಯಲೂ ಆಗದು. ಅಂಥ ಕೋಡಿಗೆ ಐಡಿಇ (ಕೋಡ್ ಬರೆಯುವ ತಂತ್ರಾಂಶ) ಒಳಗಿನ ಡೀಬಗರ್, ಅಂದರೆ ತಪ್ಪು ಹುಡುಕುವ ಸಾಧನ, ಹಿಡಿಯುವುದೇ ಸರಿ.