ವಿಂಡ್‌ಸರ್ಫಿಂಗ್ ಬೂಮ್ ಗ್ರಿಪ್ ಕಿಟ್: ಎರಡೂವರೆ ವರ್ಷ ಕೈಯಲ್ಲಿ ಹಿಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಈ ಕಿಟ್‌ನ ಫೋಮ್‌ಗೆ ನನ್ನ ಕಡೆಯಿಂದ ಐದಕ್ಕೆ ಐದು. ಅದರ ಜೊತೆಗೆ ಬಂದ ಅಂಟಿಗೆ ಒಂದು ಕೊಟ್ಟರೂ ಜಾಸ್ತಿಯೇ. ಗ್ರಿಪ್ ಇವತ್ತಿಗೂ ಅಲ್ಲಾಡದೆ ಕೂತಿರುವುದು ದಾವಣಗೆರೆಯ ಒಬ್ಬ ಚಪ್ಪಲಿ ಹೊಲಿಯುವ ಅಜ್ಜನಿಂದ.

ಹೊಸಬರಿಗೆ ಎರಡು ಮಾತು. ವಿಂಡ್‌ಸರ್ಫಿಂಗ್‌ನಲ್ಲಿ ಹಲಗೆ ಮೇಲೆ ನಿಂತು ಹಾಯಿಯನ್ನು ಕೈಯಲ್ಲೇ ಹಿಡಿದಿರುತ್ತೇವೆ. ಹಿಡಿಯುವ ಕೊಳವೆಗೆ ಬೂಮ್ ಅಂತಾರೆ. ಹಾಯಿಯ ಎರಡೂ ಬದಿಗೆ ಬಾಗಿದ ಎರಡು ತೋಳು, ಮುಂದೆ ಕಂಬಕ್ಕೆ ಕಚ್ಚಿಕೊಳ್ಳುತ್ತದೆ, ಹಿಂದೆ ಒಂದಾಗುತ್ತದೆ. ಅದರ ಮೇಲೆ ಇವಿಎ ಫೋಮ್ ಹೊದಿಕೆ ಇರುತ್ತದೆ, ಅದೇ ಗ್ರಿಪ್. ಚಪ್ಪಲಿ ಅಟ್ಟೆಗೆ ಹಾಕುತ್ತಾರಲ್ಲ, ಅದೇ ಜಾತಿಯ ಫೋಮ್. ಗಾಳಿಯ ಎಳೆತವೆಲ್ಲ ಕೈಗೆ ಬರುವುದು ಇದರ ಮೂಲಕವೇ.

ನಾನಿರುವುದು ದಾವಣಗೆರೆ. ಆಡುವುದು ಗೋವಾದಲ್ಲಿ, ಮಳೆಗಾಲ ಮುಗಿದ ಮೇಲೆ. ಹುಬ್ಬಳ್ಳಿ, ಧಾರವಾಡ ದಾಟಿ ಘಟ್ಟ ಇಳಿದು ಹೋಗುತ್ತೇನೆ. ಸಮುದ್ರವಿಲ್ಲದ ಊರಲ್ಲಿ ಇದೇನು ಹವ್ಯಾಸ ಅಂತ ಎಷ್ಟೋ ಜನ ಕೇಳಿದ್ದಾರೆ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ವಿಂಡ್‌ಸರ್ಫಿಂಗ್ ಕಂಚು ತಂದ ಇಬಾದ್ ಅಲಿ ಮಧ್ಯಪ್ರದೇಶದವರು. ತಯಾರಾಗಿದ್ದು ಭೋಪಾಲದ ದೊಡ್ಡ ಕೆರೆಯಲ್ಲಿ. ಅಲ್ಲೂ ಸಮುದ್ರ ಇಲ್ಲ, ಅಲ್ವಾ? ನಮ್ಮ ಜಿಲ್ಲೆಯ ಸೂಳೆಕೆರೆ ಏರಿ ಮೇಲೆ ನಿಂತು ಗಾಳಿ ಮುಖಕ್ಕೆ ಬಡಿದಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ. ಆದರೆ ಅದು ಊರುಗಳಿಗೆ ಕುಡಿಯುವ ನೀರು ಕೊಡುವ ಕೆರೆ. ಅನುಮತಿ ಇಲ್ಲದೆ ಇಳಿಯುವ ಮಾತೇ ಇಲ್ಲ.

ನನ್ನ ಬೂಮ್ ಅಲ್ಯೂಮಿನಿಯಂನದು, ಸೆಕೆಂಡ್ ಹ್ಯಾಂಡ್. ಹಳೇ ಗ್ರಿಪ್ ಬಿಸಿಲಿಗೂ ಉಪ್ಪಿಗೂ ಸೊರಗಿ ಅಂಗೈಗೆಲ್ಲ ಕಪ್ಪು ಪುಡಿ ಹತ್ತುತ್ತಿತ್ತು. ಮುಂದಿನ ಕೈ ಹಿಡಿಯುವ ಜಾಗದಲ್ಲಂತೂ ಕೊಳವೆಯೇ ಕಾಣುತ್ತಿತ್ತು. ಒಂದು ಸೀಸನ್ ಸೈಕಲ್ ಹ್ಯಾಂಡಲ್ ಟೇಪ್ ಸುತ್ತಿ ತಳ್ಳಿದೆ. ಒಣಗಿದ್ದಾಗ ಚೆಂದ. ಒದ್ದೆಯಾಗಿ ಎಳೆತ ಬಿದ್ದರೆ ಸುತ್ತು ಸುತ್ತೇ ಜಾರುತ್ತದೆ. ಆ ದಾರಿ ಹಿಡಿಯಬೇಡಿ. 2023ರ ಜನವರಿಯಲ್ಲಿ ಈ ಕಿಟ್ ತರಿಸಿದೆ. 2 ಮಿಲಿಮೀಟರ್ ಮತ್ತು 3 ಮಿಲಿಮೀಟರ್, ಎರಡು ದಪ್ಪದಲ್ಲಿ ಸಿಗುತ್ತಿತ್ತು.

ದಪ್ಪದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ತುಂಬಾ ಜನ ಇಲ್ಲೇ ತಪ್ಪುತ್ತಾರೆ. ದಪ್ಪ ಇದ್ದಷ್ಟೂ ಕೈಗೆ ಮೆತ್ತಗೆ ಅನ್ನಿಸುವುದು ಸಹಜ. ನನ್ನ ಕೊಳವೆಯ ಅಡ್ಡಳತೆ 29 ಮಿಲಿಮೀಟರ್. 2ರ ಫೋಮ್ ಸುತ್ತಿದರೆ 33 ಆಗುತ್ತದೆ, 3ರದ್ದಾದರೆ 35. ಸುತ್ತಳತೆಯಲ್ಲಿ ಲೆಕ್ಕ ಹಾಕಿದರೆ ಆರು ಮಿಲಿಮೀಟರ್‌ಗೂ ಜಾಸ್ತಿ ವ್ಯತ್ಯಾಸ. ಚಿಕ್ಕ ಕೈಗೆ ಅದು ದೊಡ್ಡ ವ್ಯತ್ಯಾಸ. ಬೆರಳು ಪೂರ್ತಿ ಸುತ್ತಿಕೊಳ್ಳದಿದ್ದರೆ ಒತ್ತಿ ಹಿಡಿಯಬೇಕಾಗುತ್ತದೆ, ಮುಂಗೈ ಬೇಗ ಗಟ್ಟಿಯಾಗಿ ಸೋಲುತ್ತದೆ. ನಾನು 2 ತಗೊಂಡೆ. ಮೊದಲು ಅರ್ಧ ಗಂಟೆಗೇ ಕೈ ಕೊಡವಿಕೊಳ್ಳುತ್ತಿದ್ದವಳು ಈಗ ಒಂದೂವರೆ ಗಂಟೆ ಆರಾಮಾಗಿ ನಿಲ್ಲುತ್ತೇನೆ. ಐದಕ್ಕೆ ಐದು ಕೊಟ್ಟಿದ್ದು ಇದಕ್ಕೇ.

ಹಳೆಯದನ್ನು ಬಿಚ್ಚುವ ಮೊದಲು ಹಾರ್ನೆಸ್ ಲೈನ್, ಅಂದರೆ ಸೊಂಟದ ಕೊಕ್ಕೆಗೆ ಸಿಕ್ಕಿಸುವ ಹಗ್ಗ, ಎಲ್ಲಿ ಕಟ್ಟಿತ್ತು ಅನ್ನುವುದನ್ನು ಮುಂದಿನ ತುದಿಯಿಂದ ಅಳೆದು ಬರೆದಿಟ್ಟುಕೊಳ್ಳಿ. ಅದು ಎರಡು ಬೆರಳು ಆಚೀಚೆಯಾದರೂ ಹಾಯಿಯ ತೂಕ ಒಂದೇ ಕೈಗೆ ಬೀಳುತ್ತದೆ. ಹಳೇ ಫೋಮನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸುಲಿದೆ. ಕಾರ್ಬನ್ ಬೂಮ್ ಇದ್ದವರು ದಯವಿಟ್ಟು ಬ್ಲೇಡ್ ಹಾಕಬೇಡಿ, ಗೀರು ಬಿದ್ದ ಜಾಗದಲ್ಲೇ ಮುಂದೆ ಮುರಿಯಬಹುದು. ಅಂಟಿನ ಜಿಗುಟು ತೆಗೆಯಲು ತಾರಸಿ ಮೇಲೆ, ಗಾಳಿಯಾಡುವ ಕಡೆ, ಬಟ್ಟೆಗೆ ಸ್ವಲ್ಪ ಪೆಟ್ರೋಲ್ ಹಾಕಿ ಒರೆಸಿದೆ. ಹತ್ತಿರ ಬೆಂಕಿ ಇರಬಾರದು.

ಸುಲಿದ ಮೇಲೆ ಕಂಡದ್ದು ಬಿಳಿ ಪುಡಿ. ಫೋಮಿನಡಿ ಉಪ್ಪುನೀರು ನಿಂತು ಅಲ್ಯೂಮಿನಿಯಂ ಅಲ್ಲಲ್ಲಿ ತಿಂದುಹೋಗಿತ್ತು. ಗ್ರಿಪ್ ಹರಿದು ಎಷ್ಟು ತಿಂಗಳು ಸುಮ್ನೆ ಬಿಟ್ಟಿದ್ದೆ ಅಂತ ನೆನೆದು ನಿಜವಾಗಿ ಭಯವಾಯಿತು. ದಡದಿಂದ ದೂರ ಇದ್ದಾಗ ಬೂಮ್ ಮುರಿದರೆ ಹಾಯಿ ಹಿಡಿಯಲು ಏನೂ ಇರುವುದಿಲ್ಲ. ಬೆಳಕಿಗೆ ಹಿಡಿದು, ಉಗುರಾಡಿಸಿ, ಬಿರುಕು ಇಲ್ಲ ಅಂತ ಖಾತ್ರಿ ಮಾಡಿಕೊಂಡೆ.

ಕಿಟ್‌ನ ಫೋಮ್ ಹಿಂದೆ ಸ್ಟಿಕರ್ ಥರ ಅಂಟು ಇತ್ತು. ಕಾಗದ ಕಿತ್ತು, ಒತ್ತಿ ಸುತ್ತಿದೆ. ಕೂತ ಹಾಗೇ ಕಾಣಿಸಿತು. ಗೋವಾದಲ್ಲಿ ಎರಡನೇ ದಿನವೇ ಜೋಡಣೆ ಬಾಯಿ ಬಿಟ್ಟಿತು. ಮಾರಿದವರಿಗೆ ಫೋಟೋ ಕಳಿಸಿದೆ, ಉತ್ತರ ಬರಲಿಲ್ಲ.

ಊರಿಗೆ ಬಂದು ನಮ್ಮ ಪೇಟೆಯ ಅಜ್ಜನ ಹತ್ತಿರ ಹೋದೆ. "ಏನಮ್ಮಾ ಇದು, ಯಾವ ಗಾಡಿ ಹ್ಯಾಂಡಲ್ಲು?" ಅಂದರು. ವಿವರಿಸಿದೆ. ಫೋಮ್ ಹಿಸುಕಿ ನೋಡಿ, "ಮಾಲು ಚಲೋ ಐತಿ, ಅಂಟು ಸುಳ್ಳು" ಅಂದರು. ಅವರು ಹೇಳಿದ ಹಾಗೆ ಸ್ಟಿಕರ್ ಅಂಟನ್ನೆಲ್ಲ ಉಜ್ಜಿ ತೆಗೆದೆವು. ಚಪ್ಪಲಿಗೆ ಹಾಕುವ ಸೊಲ್ಯೂಷನ್ ಅನ್ನು ಕೊಳವೆಗೂ ಫೋಮಿಗೂ ತೆಳ್ಳಗೆ ಸವರಿದರು. ಬೆರಳಿಗೆ ಹತ್ತದಷ್ಟು ಆರುವ ತನಕ ಕಾದು, ಆಮೇಲೆ ಕೂರಿಸಿದರು. ಹಸಿ ಇರುವಾಗಲೇ ಅಂಟಿಸಿದರೆ ಒಳಗೆ ಆರುವುದೇ ಇಲ್ಲ. ಒಮ್ಮೆ ತಾಗಿದರೆ ಸರಿಸಲೂ ಬರುವುದಿಲ್ಲ, ಅದಕ್ಕೆ ಒಂದು ತುದಿಯಿಂದ ಗೆಣ್ಣು ಗೆಣ್ಣಾಗಿ ಒತ್ತುತ್ತಾ ಹೋದರು. ಜೋಡಣೆಯನ್ನು ಕೆಳಗೆ, ಹಾಯಿಯ ಕಡೆ ತಿರುಗಿಸಿದೆವು. ಆಮೇಲೆ ದಬ್ಬಣ ತಗೊಂಡು ಎರಡೂ ತುದಿ ಮತ್ತು ಮುಂದಿನ ಕೈಯ ಜಾಗವನ್ನು ಮೇಣ ಸವರಿದ ನೈಲಾನ್ ದಾರದಲ್ಲಿ ಹೊಲಿದರು. ಅಂಚಿನಿಂದ ಸ್ವಲ್ಪ ಒಳಗೆ, ಹೆಚ್ಚು ಬಿಗಿಯದೆ. ಬಿಗಿದರೆ ದಾರವೇ ಫೋಮ್ ಕೊಯ್ಯುತ್ತದಂತೆ. 150 ರೂಪಾಯಿ ಕೇಳಿದರು. ನಾನು 300 ಕೊಟ್ಟೆ. ಅವರ ಕೈ ನೋಡಿದವರು ಯಾರೂ ಕಡಿಮೆ ಕೊಡಲಾರರು. ಒಂದು ದಿನ ಪೂರ್ತಿ ನೆರಳಲ್ಲಿಟ್ಟು ಆಮೇಲೆ ಬಳಸಿದೆ.

ಅದಾಗಿ ಎರಡು ಸೀಸನ್ ಪೂರ್ತಿ ಕಳೆದಿದೆ. ಹೊಲಿಗೆ ಒಂದೂ ಬಿಟ್ಟಿಲ್ಲ. ಹೊಲಿಗೆ ಇಲ್ಲದ ಒಂದು ಕಡೆ ಮಾತ್ರ, ಏಪ್ರಿಲ್ ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಬಿಟ್ಟಿದ್ದಕ್ಕೆ, ಅಂಟು ಮೆತ್ತಗಾಗಿ ಒಂದು ಗೇಣು ಎದ್ದಿತ್ತು. ಈಗ ಬಟ್ಟೆ ಸುತ್ತಿ ಸಾಗಿಸುತ್ತೇನೆ, ಪ್ರತಿ ಸಲ ಸಿಹಿನೀರಲ್ಲಿ ತೊಳೆಯುತ್ತೇನೆ. ಅಂಗೈಗೆ ಗುಳ್ಳೆ ಬರುವುದು ಬಹಳ ಕಡಿಮೆಯಾಗಿದೆ. ಹಾರ್ನೆಸ್ ಲೈನಿನ ಪಟ್ಟಿ ಕಚ್ಚುವ ಜಾಗದಲ್ಲಿ ಫೋಮ್ ತೆಳುವಾಗಿದೆ, ಇನ್ನೊಂದು ಸೀಸನ್ ಬರಬಹುದು.

ಕಿಟ್‌ನಲ್ಲಿ ಉಳಿದ ತುಂಡನ್ನು ಎಸೆಯದೆ ಎತ್ತಿಟ್ಟಿದ್ದೇನೆ. ಅಕ್ಟೋಬರ್ ಹೊತ್ತಿಗೆ ಆ ಪಟ್ಟಿಯ ಜಾಗಕ್ಕೆ ಮಾತ್ರ ಅದನ್ನು ಹಾಕಿಸುತ್ತೇನೆ. ಅಜ್ಜನಿಗೆ ಆಗಲೇ ಹೇಳಿಟ್ಟಿದ್ದೇನೆ.