ಪ್ರಾಕ್ಸ್‌ಮಾಕ್ಸ್ ವಿಇ: ಭಾನುವಾರ ಉಳಿಸಿದ ಸರ್ವರ್

ಆಫೀಸಿಗೆ ಹೊಸ ಸರ್ವರ್ ಬಂದರೆ ಎಲ್ಲರೂ ಕೇಳುವುದು ‘ಸ್ಪೀಡ್ ಜಾಸ್ತಿ ಆಯ್ತಾ?’ ಎಂದು. ಆಗಿದೆ. ಆದರೆ ಪ್ರಾಕ್ಸ್‌ಮಾಕ್ಸ್ ಹಾಕಿದ ಮೇಲೆ ನಿಜಕ್ಕೂ ಬದಲಾಗಿದ್ದು ನನ್ನ ಭಾನುವಾರ.

ಇದು ಒಂದು ಸರ್ವರ್ ಒಳಗೆ ಹಲವು ಸರ್ವರ್‌ಗಳನ್ನು ನಡೆಸುವ ತಂತ್ರಾಂಶ. ವಿಯೆನ್ನಾದ ಕಂಪನಿಯೊಂದು 2008ರಲ್ಲಿ ಹೊರತಂದಿದ್ದು. ಅಡಿಯಲ್ಲಿರುವುದು ಡೆಬಿಯನ್ ಲಿನಕ್ಸ್. ವಿಂಡೋಸ್‌ನಂಥ ಪೂರ್ತಿ ವರ್ಚುವಲ್ ಮೆಷಿನ್ ಬೇಕಾದರೆ ಕೆವಿಎಂ, ಸಣ್ಣಪುಟ್ಟ ಲಿನಕ್ಸ್ ಕೆಲಸಕ್ಕೆ ಅದಕ್ಕಿಂತ ಹಗುರವಾದ ಎಲ್‌ಎಕ್ಸ್‌ಸಿ ಕಂಟೇನರ್. ಎರಡನ್ನೂ ಬ್ರೌಸರ್‌ನಲ್ಲೇ ನೋಡಿಕೊಳ್ಳಬಹುದು. 2023ರ ಕೊನೆಗೆ ಇಂಥದ್ದೇ ತಂತ್ರಾಂಶ ಮಾರುವ ವಿಎಂವೇರ್ ಅನ್ನು ಬ್ರಾಡ್‌ಕಾಮ್ ಕಂಪನಿ ಕೊಂಡು, ಶಾಶ್ವತ ಲೈಸೆನ್ಸ್ ಮಾರುವುದನ್ನು ನಿಲ್ಲಿಸಿದ ಮೇಲೆ ತುಂಬಾ ಜನ ಇತ್ತ ತಿರುಗಿದರು.

ನಮ್ಮಲ್ಲಿ ಮೊದಲು ಫೈಲ್‌ಗೆ ಒಂದು ಡಬ್ಬ, ಅಕೌಂಟ್ಸ್‌ಗೆ ಒಂದು, ಹಾಜರಾತಿಗೆ ಇನ್ನೊಂದು. ದಿನವಿಡೀ ಸುಮ್ನೆ ಬಿಸಿಯಾಗುತ್ತಾ ಕೂತಿರುತ್ತಿದ್ದವು. ಅಪ್‌ಡೇಟ್ ಮಾಡಬೇಕೆಂದರೆ ರಜೆ ದಿನ ಬರಬೇಕು, ಯಾಕೆಂದರೆ ಕೆಟ್ಟರೆ ಹಿಂದಕ್ಕೆ ಹೋಗಲು ದಾರಿ ಇರಲಿಲ್ಲ. ಈಗ ಎರಡು ಮೆಷಿನ್ ಸಾಕು. ಅಕೌಂಟ್ಸ್‌ನವರು ಊಟಕ್ಕೆ ಎದ್ದಾಗ ಲಾಗೌಟ್ ಮಾಡಿಸಿ, ಸ್ನ್ಯಾಪ್‌ಶಾಟ್ (ಮೆಷಿನ್ ಆ ಕ್ಷಣ ಹೇಗಿತ್ತೋ ಅದರ ದಾಖಲೆ) ತೆಗೆದು, ಅಪ್‌ಡೇಟ್ ಒತ್ತುತ್ತೇನೆ. ಎಡವಟ್ಟಾದರೆ ರೋಲ್‌ಬ್ಯಾಕ್, ಅಂದರೆ ಆ ಕ್ಷಣಕ್ಕೇ ವಾಪಸ್. ಲಾಗೌಟ್ ಮಾತ್ರ ಮರೆಯಬೇಡಿ, ನಡುವೆ ಹಾಕಿದ ಎಂಟ್ರಿಗಳೂ ರೋಲ್‌ಬ್ಯಾಕ್ ಜೊತೆಗೇ ಹೋಗುತ್ತವೆ. ಒಂದು ಮೆಷಿನ್‌ಗೆ ರ‍್ಯಾಮ್ ಹಾಕಬೇಕೆಂದರೆ ಅದರೊಳಗಿನ ವರ್ಚುವಲ್ ಮೆಷಿನ್‌ಗಳನ್ನು ಓಡುತ್ತಿರುವಾಗಲೇ ಇನ್ನೊಂದಕ್ಕೆ ಸಾಗಿಸಿ, ಹಾಡಹಗಲೇ ಮುಚ್ಚಳ ತೆಗೆಯಬಹುದು. ಕೆಲಸ ಮಾಡುತ್ತಿರುವವರಿಗೆ ಗೊತ್ತೂ ಆಗುವುದಿಲ್ಲ. ಕಂಟೇನರ್‌ಗಳಿಗೆ ಈ ಭಾಗ್ಯವಿಲ್ಲ, ಅವು ನಿಂತು ಮತ್ತೆ ಏಳಬೇಕು.

ಸ್ನ್ಯಾಪ್‌ಶಾಟನ್ನೇ ಬ್ಯಾಕಪ್ ಅಂದುಕೊಳ್ಳುವವರು ಇದ್ದಾರೆ. ಅದು ಇರುವುದು ಅದೇ ಡಿಸ್ಕ್‌ನಲ್ಲಿ, ಡಿಸ್ಕ್ ಹೋದರೆ ಅದೂ ಹೋಯಿತು. ಬೇರೆ ಪೆಟ್ಟಿಗೆಯಲ್ಲಿ ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಹಾಕಿ. ಮೊದಲ ಸಲ ಪೂರ್ತಿ ತೆಗೆದುಕೊಂಡು, ಆಮೇಲೆ ಬದಲಾದ ತುಣುಕುಗಳನ್ನಷ್ಟೇ ಕಳಿಸುತ್ತದೆ.

ಎಲ್ಲರೂ ಎಡವುವ ಜಾಗ ಕ್ಲಸ್ಟರ್. ಎರಡು ಮೆಷಿನ್ ಜೋಡಿಸಿದರೆ ಒಂದು ಸತ್ತಾಗ ಇನ್ನೊಂದು ತಾನೇ ಎಲ್ಲವನ್ನೂ ಹೊತ್ತುಕೊಳ್ಳುತ್ತದೆ ಅಂತ ಅನಿಸುತ್ತದೆ, ಅಲ್ವಾ? ಹಾಗಾಗುವುದಿಲ್ಲ. ಇಲ್ಲಿ ಮೆಷಿನ್‌ಗೊಂದು ಮತ, ಬಹುಮತ ಬೇಕು. ಎರಡರಲ್ಲಿ ಒಂದು ಮತ ಬಹುಮತವಲ್ಲ, ಹಾಗಾಗಿ ಉಳಿದದ್ದು ಹೊಸದಾಗಿ ಏನನ್ನೂ ಶುರು ಮಾಡುವುದಿಲ್ಲ. ಮೂರನೇ ಮತಕ್ಕೆ ‘ಕ್ಯೂ ಡಿವೈಸ್’ ಇಡಬೇಕು, ಮೂಲೆಯ ಹಳೇ ಪಿಸಿ ಆದರೂ ನಡೆಯುತ್ತದೆ. ಒಂದು ಮೆಷಿನ್‌ನ ಡೇಟಾವನ್ನು ಇನ್ನೊಂದಕ್ಕೆ ನಕಲು ಮಾಡುವ ಝಡ್‌ಎಫ್‌ಎಸ್ ರೆಪ್ಲಿಕೇಶನ್ ನೀವು ಬದಲಿಸದಿದ್ದರೆ 15 ನಿಮಿಷಕ್ಕೊಮ್ಮೆ ಆಗುತ್ತದೆ, ಅಂದರೆ ಮೆಷಿನ್ ದಿಢೀರನೆ ಸತ್ತರೆ ಅಷ್ಟು ಹೊತ್ತಿನ ಕೆಲಸ ಹೋಗಬಹುದು. ಇದನ್ನು ಮ್ಯಾನೇಜರ್‌ಗೆ ಮೊದಲೇ ಹೇಳಿಡಿ.

ದುಡ್ಡಿನ ಮಾತು. ತಂತ್ರಾಂಶ ಉಚಿತ, ಸಬ್‌ಸ್ಕ್ರಿಪ್ಷನ್ ಇಲ್ಲದಿದ್ದರೆ ಲಾಗಿನ್ ಆದಾಗಲೆಲ್ಲ ಒಂದು ನೆನಪೋಲೆ ಕಾಣಿಸುತ್ತದೆ. ವಿಂಡೋಸ್ ಸರ್ವರ್ ಲೈಸೆನ್ಸ್ ಮಾತ್ರ ಕೋರ್ ಲೆಕ್ಕ, ಒಂದು ಮೆಷಿನ್‌ಗೆ ಕನಿಷ್ಠ 16 ಕೋರ್. ಎಲ್ಲ ಕೋರ್‌ಗೂ ಸ್ಟ್ಯಾಂಡರ್ಡ್ ಲೈಸೆನ್ಸ್ ತೆಗೆದುಕೊಂಡರೂ ಎರಡೇ ವಿಂಡೋಸ್ ವರ್ಚುವಲ್ ಮೆಷಿನ್‌ಗೆ ಹಕ್ಕು. ಹೆಚ್ಚು ಕೋರ್ ಇರುವ ಪ್ರೊಸೆಸರ್ ನೋಡಿ ಆಸೆಪಡುವ ಮುಂಚೆ ಇದನ್ನು ಕೂಡಿ ನೋಡಿ.

ಲಿನಕ್ಸ್ ಕಮಾಂಡ್‌ಗೆ ಹೆದರದ ಒಬ್ಬರು ಆಫೀಸಿನಲ್ಲಿದ್ದರೆ ಕಣ್ಣುಮುಚ್ಚಿ ಹಾಕಿ. ಇಲ್ಲದಿದ್ದರೆ ಸಪೋರ್ಟ್ ಇರುವ ಸಬ್‌ಸ್ಕ್ರಿಪ್ಷನ್ ಕೊಳ್ಳಿ.

ಇನ್ನೊಂದು ತಲೆನೋವಿಗೆ ಈ ತಂತ್ರಾಂಶದಲ್ಲಿ ಮದ್ದಿಲ್ಲ. ಟೆಸ್ಟಿಂಗ್‌ನವರಿಗೆ ಮೊದಲು ಒಂದು ಮೆಷಿನ್ ಬೇಕೆಂದರೆ ಪರ್ಚೇಸ್‌ಗೆ ಅರ್ಜಿ ಹಾಕಿ ಕಾಯಬೇಕಿತ್ತು. ಈಗ ಟೆಂಪ್ಲೇಟ್‌ನಿಂದ ನಿಮಿಷಗಳಲ್ಲಿ ಕೊಡುತ್ತೇನೆ. ಸುಲಭವಾಗಿ ಸಿಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ, ಯಾರೂ ವಾಪಸ್ ಕೊಡುವುದಿಲ್ಲ. ಸಿಪಿಯು ಖಾಲಿ ಬಿದ್ದಿದ್ದರೂ ರ‍್ಯಾಮ್ ಮುಗಿದುಹೋಗುತ್ತದೆ. ಅದಕ್ಕೇ ಈಗ ಮೆಷಿನ್ ಕೇಳುವವರು ಅದನ್ನು ಅಳಿಸುವ ತಾರೀಖನ್ನೂ ಬರೆದುಕೊಡಬೇಕು. ತಾರೀಖು ಬಂದಾಗ ಎಲ್ಲರದ್ದೂ ಒಂದೇ ಉತ್ತರ: ‘ಇನ್ನೊಂದು ವಾರ ಇರಲಿ ಸಾರ್.’